ಹಳೆಯ ವರ್ಕ್‌ಸ್ಟೇಷನ್ನಿಗೆ ಹೊಸ ಪ್ರೊಸೆಸರ್: ಹಣ ಕೊಡುವ ಮುನ್ನ ಓದಬೇಕಾದ ಒಂದು ತಾರೀಖು

ಮಕ್ಕಳು ಎಂಟನೆಯ ತರಗತಿ ದಾಟಿದ ಮೇಲೆ ಮನೆಯಲ್ಲಿ ಕಂಪ್ಯೂಟರಿನ ಮಾತು ಬಾರದೆ ಇರುವುದಿಲ್ಲ. ಹೊಸ ಲ್ಯಾಪ್‌ಟಾಪಿನ ಬೆಲೆ ಕೇಳಿ ಹಿಂದೆ ಸರಿದ ಪಾಲಕರಿಗೆ ಪರಿಚಯದವರೊಬ್ಬರು ಇನ್ನೊಂದು ದಾರಿಯನ್ನು ತೋರಿಸುತ್ತಾರೆ. ದೊಡ್ಡ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ವರ್ಕ್‌ಸ್ಟೇಷನ್‌ಗಳು ಸಾಧಾರಣ ಕಂಪ್ಯೂಟರಿಗಿಂತಲೂ ಕಡಿಮೆ ಬೆಲೆಗೆ ದೊರೆಯುತ್ತವೆ ಎಂಬುದೇ ಆ ದಾರಿ. ಹೊಸೂರಿನವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರ. ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಮುಂಬಯಿಗೆ ಹೋದವರು ಲ್ಯಾಮಿಂಗ್ಟನ್ ರಸ್ತೆಯನ್ನು ಹುಡುಕುತ್ತಾರೆ. ತೆಲಂಗಾಣದವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ತಮಿಳುನಾಡಿನವರಿಗೆ ಚೆನ್ನೈನ ರಿಚ್ಚಿ ಸ್ಟ್ರೀಟ್ ಇವೆ. ಊರು ಬಿಟ್ಟು ಹೋಗಲಾರದವರಿಗೆ ಆನ್‌ಲೈನ್ ಅಂಗಡಿಗಳಿವೆ.

ಆ ದಾರಿ ತಪ್ಪಾದುದಲ್ಲ. ಆದರೆ ಅಂಗಡಿಯವನು ಅದರ ಜೊತೆಗೆ ಹೇಳುವ ಒಂದು ಮಾತಿನಲ್ಲಿ ಅಪಾಯವಿದೆ: "ಈಗ ಇದನ್ನು ತೆಗೆದುಕೊಳ್ಳಿ, ಮುಂದೆ ಬೇಕಾದಾಗ ದೊಡ್ಡ ಪ್ರೊಸೆಸರ್ ಹಾಕಿಸಿಕೊಳ್ಳಬಹುದು." ಆ "ಮುಂದೆ" ಬಂದಾಗ ಕೆಲವರ ಯಂತ್ರ ಹೊಸ ಪ್ರೊಸೆಸರನ್ನು ಸ್ವೀಕರಿಸುತ್ತದೆ, ಕೆಲವರದು ಸ್ವೀಕರಿಸುವುದಿಲ್ಲ. ಹೊರನೋಟಕ್ಕೆ ಎರಡೂ ಯಂತ್ರಗಳು ಒಂದೇ. ಹೆಸರೂ ಒಂದೇ, ಬಣ್ಣವೂ ಒಂದೇ. ವ್ಯತ್ಯಾಸವಿರುವುದು ಒಳಗೆ ಬರೆದಿಟ್ಟ ಒಂದು ತಾರೀಖಿನಲ್ಲಿ.

ಇಂಥ ಮಾತನ್ನು ಸಾಮಾನ್ಯವಾಗಿ ಹೇಳಿದರೆ ಉಪಯೋಗವಿಲ್ಲ. ಆದ್ದರಿಂದ ಹಳೆಯ ಸರಕಿನ ಪೇಟೆಗೆ ಅಪರಿಚಿತವಲ್ಲದ ಒಂದೇ ಯಂತ್ರವನ್ನು ಎತ್ತಿಕೊಳ್ಳುವುದು ಲೇಸು. ಅದು ಎಚ್‌ಪಿ ಕಂಪನಿಯ ಝಡ್420. ಅದು ಪೇಟೆಗೆ ಬಂದದ್ದು 2012ರಲ್ಲಿ, ಝಡ್620 ಮತ್ತು ಝಡ್820 ಎಂಬ ಎರಡು ದೊಡ್ಡ ಯಂತ್ರಗಳ ಜೊತೆಗೆ. ಕಟ್ಟಡ ವಿನ್ಯಾಸ, ಯಂತ್ರಭಾಗಗಳ ನಕ್ಷೆ, ಚಲನಚಿತ್ರದ ಸಂಕಲನ ಮೊದಲಾದ ಭಾರವಾದ ಕೆಲಸಗಳನ್ನು ಹಗಲಿರುಳು ಮಾಡಲೆಂದೇ ಇವನ್ನು ಕಟ್ಟಲಾಗಿತ್ತು. ದಪ್ಪ ತಗಡಿನ ಮೈ, ಕೈಯಿಂದಲೇ ತೆಗೆಯಬಹುದಾದ ಪಕ್ಕದ ಬಾಗಿಲು, ಮೆಮೊರಿಗೆ ಎಂಟು ಸ್ಲಾಟು, ಕಾರ್ಡುಗಳಿಗೆ ಉದ್ದ-ಗಿಡ್ಡ ಹಲವು ಸ್ಲಾಟು. ಮನೆಬಳಕೆಯ ಅಗ್ಗದ ಕಂಪ್ಯೂಟರುಗಳಲ್ಲಿ ಇಷ್ಟು ಅವಕಾಶವಿರುವುದಿಲ್ಲ. ಹದಿನಾಲ್ಕು ವರ್ಷ ಹಳೆಯ ವಿನ್ಯಾಸವಾದರೂ ಇದು ಇಂದಿಗೂ ಮಾತಿಗೆ ಬರುವುದು ಈ ಅವಕಾಶದ ಕಾರಣದಿಂದಲೇ.

ಝಡ್420ರಲ್ಲಿ ಸಾಮಾನ್ಯವಾಗಿ ಸಿಗುವ ಪ್ರೊಸೆಸರ್ ಇಂಟೆಲ್ ಝಿಯಾನ್ ಇ5-1620. ಈ ಹೆಸರನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಅಡ್ಡಗೆರೆಯ ನಂತರದ ಮೊದಲ ಅಂಕೆ, ಅಂಥ ಎಷ್ಟು ಪ್ರೊಸೆಸರುಗಳನ್ನು ಒಂದೇ ಮದರ್‌ಬೋರ್ಡಿನಲ್ಲಿ ಕೂಡಿಸಿ ನಡೆಸಬಹುದು ಎಂಬುದನ್ನು ಹೇಳುತ್ತದೆ: 1 ಎಂದರೆ ಒಂಟಿ, 2 ಎಂದರೆ ಜೋಡಿ. ಎರಡನೆಯ ಅಂಕೆ ಅದು ಕೂರುವ ಸಾಕೆಟ್ಟಿನ ಬಗೆ. 6 ಎಂದಿದ್ದರೆ ಎಲ್‌ಜಿಎ 2011, 4 ಎಂದಿದ್ದರೆ ಬೇರೊಂದು ಸಾಕೆಟ್. ಕೊನೆಯ ಎರಡು ಅಂಕೆಗಳು ಆ ಗುಂಪಿನಲ್ಲಿ ಅದರ ದರ್ಜೆ. ಹೀಗೆ ನೋಡಿದರೆ ಇ5-2670 ಮತ್ತು ಇ5-2470 ಎಂಬ ಎರಡು ಹೆಸರುಗಳಲ್ಲಿ ಒಂದೇ ಅಂಕೆಯ ಭೇದ; ಆದರೆ ಮೊದಲನೆಯದು ಝಡ್420ರಲ್ಲಿ ಕೂರುತ್ತದೆ, ಎರಡನೆಯದು ಕೂರುವುದೇ ಇಲ್ಲ. ಆನ್‌ಲೈನ್ ಪಟ್ಟಿಯಲ್ಲಿ ಅವೆರಡೂ ಅಕ್ಕಪಕ್ಕದಲ್ಲಿಯೇ ಕಾಣಿಸುತ್ತವೆ.

ಹೆಸರಿನ ತುದಿಯಲ್ಲಿ ಬರುವ ವಿ2, ವಿ3, ವಿ4 ಎಂಬ ಬಾಲವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅದು ಪ್ರೊಸೆಸರಿನ ಪೀಳಿಗೆ. ಬಾಲವಿಲ್ಲದ್ದು 2012ರ ಮೊದಲ ಪೀಳಿಗೆ, 32 ನ್ಯಾನೊಮೀಟರ್ ತಂತ್ರದಲ್ಲಿ ತಯಾರಾದುದು. ವಿ2 ಬಂದದ್ದು 2013ರಲ್ಲಿ, 22 ನ್ಯಾನೊಮೀಟರ್ ತಂತ್ರದಲ್ಲಿ. ಅದೇ ಶಾಖಕ್ಕೆ ಹೆಚ್ಚು ಕೋರ್ ಅಥವಾ ಹೆಚ್ಚು ವೇಗ ಕೊಡುವಂಥದು. ವಿ3 ಮತ್ತು ವಿ4ರ ಸಾಕೆಟ್ಟಿನ ಹೆಸರು ಎಲ್‌ಜಿಎ 2011-3. ಹೆಸರಿನಲ್ಲಿ 2011 ಇದೆ, ಮುಳ್ಳುಗಳ ಸಂಖ್ಯೆಯೂ ಅಷ್ಟೇ. ಆದರೂ ಅಂಚಿನ ಕಚ್ಚುಗಳು ಬೇರೆ, ಮೆಮೊರಿ ಡಿಡಿಆರ್4. ಝಡ್420ರಲ್ಲಿ ಅದನ್ನು ಒತ್ತಿ ಕೂರಿಸಲು ಹೋದರೆ ಮುರಿಯುವುದು ಮದರ್‌ಬೋರ್ಡಿನ ಮುಳ್ಳು.

ಹಾಗಾದರೆ ವಿ2 ಹಾಕಬಹುದಲ್ಲವೆ? ಸಾಕೆಟ್ ಒಂದೇ, ಮೆಮೊರಿ ಒಂದೇ, ಮುಳ್ಳುಗಳೂ ಒಂದೇ. ಇಲ್ಲಿಯೇ ಆ ತಾರೀಖಿನ ಪ್ರಶ್ನೆ ಬರುತ್ತದೆ.

ಕಂಪ್ಯೂಟರನ್ನು ಹೊತ್ತಿಸಿದ ಕೂಡಲೇ ಮೊದಲು ಎಚ್ಚರಗೊಳ್ಳುವುದು ಬಯಾಸ್ ಎಂಬ ಸಣ್ಣ ತಂತ್ರಾಂಶ. ಅದರೊಳಗೂ ಎಲ್ಲಕ್ಕಿಂತ ಮೊದಲು ನಡೆಯುವ ಚಿಕ್ಕ ಭಾಗವೊಂದಿದೆ. ಅದಕ್ಕೆ ಬೂಟ್ ಬ್ಲಾಕ್ ಎನ್ನುತ್ತಾರೆ. ಬಯಾಸನ್ನು ಹೊಸದು ಮಾಡುವಾಗ ನಡುವೆ ವಿದ್ಯುತ್ ಹೋಗಿ ಎಲ್ಲವೂ ಕೆಟ್ಟರೂ ಯಂತ್ರವನ್ನು ಮತ್ತೆ ಎಬ್ಬಿಸಲು ಏನಾದರೂ ಉಳಿಯಬೇಕಲ್ಲವೆ? ಅದಕ್ಕಾಗಿ ಈ ಭಾಗವನ್ನು ಸಾಮಾನ್ಯ ಅಪ್‌ಡೇಟ್ ಮುಟ್ಟದ ಹಾಗೆ ಕಾಯ್ದಿಡಲಾಗುತ್ತದೆ. ಕಾಯ್ದಿಟ್ಟದ್ದು ಒಳ್ಳೆಯದಕ್ಕೇ, ಆದರೆ 2012ರಲ್ಲಿ ಬರೆದ ಬೂಟ್ ಬ್ಲಾಕಿಗೆ 2013ರ ಪ್ರೊಸೆಸರಿನ ಪರಿಚಯವಿಲ್ಲ. ಝಡ್420, ಝಡ್620, ಝಡ್820 ಈ ಮೂರರಲ್ಲೂ ಎರಡು ಬಗೆಯ ಬೂಟ್ ಬ್ಲಾಕುಗಳು ಹೊರಬಂದಿವೆ. ಒಂದರ ತಾರೀಖು 12/28/2011. ಇನ್ನೊಂದರದು 03/06/2013. ಮೊದಲನೆಯದಿದ್ದರೆ ಬಾಲವಿಲ್ಲದ ಪ್ರೊಸೆಸರುಗಳಷ್ಟೇ ನಡೆಯುತ್ತವೆ. ಬಯಾಸನ್ನು ಎಷ್ಟು ಸಲ ಹೊಸದು ಮಾಡಿದರೂ ವಿ2 ಹಾಕಿದಾಗ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಎರಡನೆಯದಿದ್ದರೆ ಎರಡೂ ಪೀಳಿಗೆಗಳಿಗೆ ಬಾಗಿಲು ತೆರೆದಿದೆ. ಈ ತಾರೀಖುಗಳನ್ನು ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು ಬರೆಯಲಾಗಿದೆ ಎಂಬುದನ್ನೂ ನೆನಪಿಡಬೇಕು. 03/06/2013 ಎಂದರೆ ಜೂನ್ ಮೂರಲ್ಲ, ಮಾರ್ಚ್ ಆರು.

ನೋಡುವುದು ಕಷ್ಟವೇನಲ್ಲ. ಯಂತ್ರ ಹೊತ್ತಿಕೊಳ್ಳುವಾಗ ಎಫ್10 ಕೀಲಿಯನ್ನು ಒತ್ತಿದರೆ ಬಯಾಸ್ ಪರದೆ ತೆರೆಯುತ್ತದೆ. ಅದರಲ್ಲಿ ಸಿಸ್ಟಂ ಇನ್‌ಫರ್ಮೇಷನ್ ಎಂಬ ಪುಟದಲ್ಲಿ ಬೂಟ್ ಬ್ಲಾಕ್ ಡೇಟ್ ಎಂದು ಬರೆದಿರುತ್ತದೆ. ಎರಡು ನಿಮಿಷದ ಕೆಲಸ. ಅಂಗಡಿಯಲ್ಲಿ ನಿಂತೇ ಮಾಡಬಹುದು. ಆನ್‌ಲೈನ್ ಆದರೆ ಆ ಪುಟದ ಚಿತ್ರ ಕಳಿಸಲು ಮಾರುವವರನ್ನು ಕೇಳಬಹುದು. ಚಿತ್ರ ಕಳಿಸಲು ಒಪ್ಪದವರಿಂದ ಕೊಳ್ಳದಿರುವುದು ಮೇಲು.

ಇಲ್ಲಿ ಕಾನೂನಿನ ಸೂಕ್ಷ್ಮವೊಂದಿದೆ. ಪಾಲಕರೊಬ್ಬರು ಝಡ್420 ಕೊಂಡರು, ಆರು ತಿಂಗಳ ಬಳಿಕ ಬೇರೆ ಅಂಗಡಿಯಿಂದ ವಿ2 ಪ್ರೊಸೆಸರ್ ತರಿಸಿದರು, ಅದು ನಡೆಯಲಿಲ್ಲ ಎಂದಿಟ್ಟುಕೊಳ್ಳೋಣ. ಯಾರ ತಪ್ಪು? ಪ್ರೊಸೆಸರ್ ಸರಿಯಾಗಿಯೇ ಇದೆ, ಬೇರೆ ಬೋರ್ಡಿನಲ್ಲಿ ಓಡುತ್ತದೆ. ಯಂತ್ರವೂ ಸರಿಯಾಗಿಯೇ ಇದೆ, ತನ್ನ ಹಳೆಯ ಪ್ರೊಸೆಸರಿನಲ್ಲಿ ಓಡುತ್ತದೆ. ಎರಡರಲ್ಲೂ ದೋಷವಿಲ್ಲ, ಹಣ ಮಾತ್ರ ಹೋಯಿತು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷ ಎಂಬ ಪದಕ್ಕೆ ಕೊಟ್ಟ ಅರ್ಥ ವಿಶಾಲವಾಗಿದೆ. ಸರಕಿನ ಗುಣಮಟ್ಟ ಕಾನೂನಿಗೆ ಅಥವಾ ಒಪ್ಪಂದಕ್ಕೆ ತಕ್ಕಂತೆ ಇಲ್ಲದಿರುವುದು ಮಾತ್ರವಲ್ಲ, ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡದ್ದಕ್ಕೆ ತಕ್ಕಂತೆ ಇಲ್ಲದಿರುವುದೂ ದೋಷವೇ. ಹಾಗಾಗಿ "ಮುಂದೆ ದೊಡ್ಡದು ಹಾಕಬಹುದು" ಎಂಬ ಬಾಯಿಮಾತನ್ನು ಬಿಲ್ಲಿನ ಮೇಲೆ ಒಂದು ಸಾಲಾಗಿ ಬರೆಸಬೇಕು: "ಝಡ್420, ಬೂಟ್ ಬ್ಲಾಕ್ 03/06/2013, ವಿ2 ಪ್ರೊಸೆಸರಿಗೆ ಯೋಗ್ಯ." ಬರೆದ ಮೇಲೆ ಅದು ಹೇಳಿಕೆ, ಹೇಳಿಕೆ ಸುಳ್ಳಾದರೆ ದೋಷ. ಬರೆಯದಿದ್ದರೆ ಅದೊಂದು ನೆನಪು, ಅಷ್ಟೆ. ಆಯೋಗದ ಮುಂದೆ ಒಬ್ಬರ ನೆನಪಿಗೆ ಇನ್ನೊಬ್ಬರ ನೆನಪು ಎದುರಾಗುತ್ತದೆ.

ಬಿಲ್ ಕೊಡದಿರುವುದೇ ಆ ಕಾಯಿದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದೂ ಅಂಥದೇ. ಹಳೆಯ ಸರಕಿನ ಅಂಗಡಿಗಳ ಗೋಡೆಯ ಮೇಲಿನ "ಮಾರಿದ ಮಾಲು ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಫಲಕ ನೋಡಿ ಗ್ರಾಹಕರು ಸುಮ್ಮನಾಗಬೇಕಿಲ್ಲ.

ಗಡಿಯಾಚೆ ನೆಲೆಸಿದ ಕುಟುಂಬಗಳಿಗೆ ಆ ಕಾಯಿದೆಯ ಇನ್ನೊಂದು ಅನುಕೂಲ ಹೆಚ್ಚು ಮುಖ್ಯ. ಹಿಂದಿನ 1986ರ ಕಾಯಿದೆಯಲ್ಲಿ, ಸರಕು ಮಾರಿದವನು ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಹೂಡಬೇಕಿತ್ತು. ಈಗ 34ನೆಯ ಕಲಮಿನಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಹೂಡಬಹುದು. ಬೆಂಗಳೂರಿನ ಅಂಗಡಿಯ ಮೇಲೆ ಕಾಸರಗೋಡಿನಲ್ಲಿ, ಮುಂಬಯಿಯ ಅಂಗಡಿಯ ಮೇಲೆ ಸೊಲ್ಲಾಪುರದಲ್ಲಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಕಾರಣ ಹುಟ್ಟಿದ 2 ವರ್ಷದೊಳಗೆ ಹೂಡಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಒಂದು ಎಚ್ಚರಿಕೆ: ಇದು ಸ್ವಂತ ಬಳಕೆಗೆ ಕೊಂಡವರ ಮಾತು. ಮರುಮಾರಾಟಕ್ಕೆಂದು ಕೊಂಡವರು ಆ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕರಲ್ಲ.

ಇನ್ನು ಯಾವ ಪ್ರೊಸೆಸರ್ ಎಂಬ ಪ್ರಶ್ನೆ. ಕೋರುಗಳು ಹೆಚ್ಚಾದಷ್ಟೂ ಯಂತ್ರ ವೇಗವಾಗುತ್ತದೆ ಎಂಬುದು ಪೇಟೆಯ ನಂಬಿಕೆ. ಅದು ಅರ್ಧ ಸತ್ಯ. ಇ5-1620ರಲ್ಲಿ ಕೋರುಗಳು ನಾಲ್ಕೇ. ಆದರೆ ಅವುಗಳ ಮೂಲ ವೇಗ 3.6 ಗಿಗಾಹರ್ಟ್ಸ್. ಇ5-2670ರಲ್ಲಿ ಎಂಟು ಕೋರುಗಳಿವೆ, ಮೂಲ ವೇಗ 2.6 ಮಾತ್ರ, ಒಂದೇ ಕೋರ್ ದುಡಿಯುವಾಗಲೂ 3.3ರ ಆಚೆಗೆ ಹೋಗುವುದಿಲ್ಲ. ಹೊಸದಾಗಿದ್ದಾಗ ಸಾವಿರದ ಐನೂರು ಡಾಲರಿಗೂ ಮಿಕ್ಕಿದ ಬೆಲೆಯ ಈ ಪ್ರೊಸೆಸರು, ಡೇಟಾ ಸೆಂಟರುಗಳು ತಮ್ಮ ಹಳೆಯ ಸರ್ವರುಗಳನ್ನು ಹೊರಹಾಕಿದ 2016ರ ಹೊತ್ತಿಗೆ ನೂರು ಡಾಲರಿಗಿಂತ ಕೆಳಗೆ ಇಳಿದಿತ್ತು. ಅದರ ಖ್ಯಾತಿ ಹಬ್ಬಿದ್ದು ಹಾಗೆ. ಬ್ಲೆಂಡರಿನಲ್ಲಿ ಮೂರು ಆಯಾಮದ ಚಿತ್ರ ಮೂಡಿಸುವಾಗ, ಶಾಲಾ ನಾಟಕದ ವಿಡಿಯೊವನ್ನು ಸಂಕಲಿಸಿ ಹೊರತೆಗೆಯುವಾಗ ಎಂಟು ಕೋರುಗಳೂ ದುಡಿಯುತ್ತವೆ, ಕಾಯುವ ಸಮಯ ಸ್ಪಷ್ಟವಾಗಿ ಇಳಿಯುತ್ತದೆ. ಆದರೆ ಕನ್ನಡದಲ್ಲಿ ಪ್ರಬಂಧ ಬೆರಳಚ್ಚು ಮಾಡುವಾಗ, ಬ್ರೌಸರಿನಲ್ಲಿ ಪಾಠ ನೋಡುವಾಗ ದುಡಿಯುವುದು ಒಂದೆರಡು ಕೋರುಗಳಷ್ಟೇ. ಅಲ್ಲಿ ಹಳೆಯ ಇ5-1620 ಹೊಸ ಇ5-2670ಕ್ಕಿಂತ ಒಂದಿಷ್ಟು ಚುರುಕು. ಹಣ ಕೊಟ್ಟು ನಿಧಾನವನ್ನು ಕೊಂಡಂತಾಗುತ್ತದೆ.

ವಿದ್ಯಾರ್ಥಿಯಿರುವ ಮನೆಗೆ ನಡುದಾರಿಯೇ ಸರಿ. ಹಳೆಯ ಬೂಟ್ ಬ್ಲಾಕ್ ಇದ್ದರೆ ಇ5-1650: ಆರು ಕೋರುಗಳು, ಮೂಲ ವೇಗ 3.2, ಗರಿಷ್ಠ 3.8 ಗಿಗಾಹರ್ಟ್ಸ್. ಹೊಸ ಬೂಟ್ ಬ್ಲಾಕ್ ಇದ್ದರೆ ಇ5-1650 ವಿ2: ಆರೇ ಕೋರುಗಳು, ವೇಗ 3.5ರಿಂದ 3.9. ಎರಡರ ಶಾಖದ ಮಿತಿಯೂ 130 ವ್ಯಾಟ್, ಅಂದರೆ ಇ5-1620ರಷ್ಟೇ. ಮೊದಲಿನ ಕೂಲರೇ ಸಾಕು. ವೇಗವನ್ನೂ ಕಳೆದುಕೊಳ್ಳದೆ ಎರಡು ಕೋರುಗಳು ಹೆಚ್ಚುತ್ತವೆ. ಹನ್ನೆರಡು ಕೋರುಗಳ ಇ5-2697 ವಿ2 ಎಂಬುದೂ ಇದೆ. ಅದನ್ನು ಹಾಕಿ ಹೆಮ್ಮೆಪಡುವವರೂ ಇದ್ದಾರೆ. ಹತ್ತನೆಯ ತರಗತಿಯ ಹುಡುಗನಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಪ್ರೊಸೆಸರ್ ಬದಲಿಸುವ ಕೆಲಸ ಭಯಪಡುವಂಥದಲ್ಲ, ಅವಸರ ಪಡುವಂಥದೂ ಅಲ್ಲ. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸನ್ನು ಕಂಪನಿಯ ಕೊನೆಯ ಆವೃತ್ತಿಗೆ ಏರಿಸಿಕೊಳ್ಳಬೇಕು. ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬಳಿಕ ತಂತಿಯನ್ನು ಗೋಡೆಯಿಂದ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಮೈಯಲ್ಲಿರುವ ಸ್ಥಿರವಿದ್ಯುತ್ತು ಇಳಿಯಲು ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಬೇಕು. ಫ್ಯಾನಿನ ತಂತಿ ಬಿಡಿಸಿ, ಕೂಲರಿನ ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಹಳೆಯ ಪೇಸ್ಟು ಒಣಗಿ ಅಂಟಿಕೊಂಡಿರುತ್ತದೆ. ಮೇಲಕ್ಕೆ ಜಗ್ಗದೆ ಮೆಲ್ಲಗೆ ಅತ್ತಿತ್ತ ತಿರುಗಿಸಿದರೆ ಬಿಡುತ್ತದೆ. ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಯಂತ್ರವನ್ನು ನಡೆಸಿದ್ದರೆ ಪೇಸ್ಟು ಮೆತ್ತಗಾಗಿರುತ್ತದೆ.

ಎಲ್‌ಜಿಎ 2011 ಸಾಕೆಟ್ಟಿಗೆ ಎರಡು ಸನ್ನೆಗಳಿವೆ. ಯಾವುದನ್ನು ಮೊದಲು ತೆರೆಯಬೇಕೆಂಬ ಗುರುತು ಅಲ್ಲಿಯೇ ಅಚ್ಚಾಗಿದೆ. ಮುಚ್ಚಳ ಎತ್ತಿದಾಗ ಕಾಣುವ ಎರಡು ಸಾವಿರಕ್ಕೂ ಮಿಕ್ಕಿದ ಕೂದಲೆಳೆಯಂಥ ಮುಳ್ಳುಗಳೇ ಇಡೀ ಯಂತ್ರದ ಅತಿ ನಾಜೂಕಾದ ಭಾಗ. ಅಲ್ಲಿ ಬೆರಳಾಗಲಿ, ಬಟ್ಟೆಯಾಗಲಿ, ಉಸಿರಿನ ಹನಿಯಾಗಲಿ ತಾಗಬಾರದು. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಅದರ ಭಾರಕ್ಕೇ ಕೂರುವಂತೆ ಇಟ್ಟುಬಿಡಬೇಕು, ಒತ್ತಬಾರದು. ಕೂಲರಿನ ತಳವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟು ಹಾಕಿ, ಸ್ಕ್ರೂಗಳನ್ನು ಮತ್ತೆ ಎದುರುಬದುರಾಗಿ ಬಿಗಿಯಬೇಕು. ಬಾಗಿಲು ತೆರೆದಿರುವಾಗಲೇ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿಯನ್ನೂ ಬದಲಿಸಿಬಿಡುವುದು ಒಳ್ಳೆಯದು. ಗಡಿಯಾರ ಪದೇ ಪದೇ ಹಿಂದಕ್ಕೆ ಹೋಗುವ ಹಳೆಯ ಯಂತ್ರಗಳ ಕಾಯಿಲೆ ಹೆಚ್ಚಾಗಿ ಅದರದೇ.

ಮೆಮೊರಿಯ ವಿಚಾರ ಚಿಕ್ಕದು. ಈ ಪ್ರೊಸೆಸರುಗಳು ನಾಲ್ಕು ದಾರಿಗಳಲ್ಲಿ ಒಟ್ಟಿಗೆ ಮೆಮೊರಿಯನ್ನು ಓದುತ್ತವೆ. ಆದ್ದರಿಂದ 16 ಜಿಬಿ ಬೇಕಾದವರು 16ರ ಒಂದು ಪಟ್ಟಿಯ ಬದಲು 4ರ ನಾಲ್ಕು ಪಟ್ಟಿ ಹಾಕಬೇಕು. ಝಡ್420ಕ್ಕೆ ಕಂಪನಿ ಹೇಳಿದ್ದು ಅನ್‌ಬಫರ್ಡ್ ಇಸಿಸಿ ಬಗೆಯ ಡಿಡಿಆರ್3. ಸರ್ವರಿನಿಂದ ಕಿತ್ತ ರಿಜಿಸ್ಟರ್ಡ್ ಬಗೆ ಅಗ್ಗವೆಂದು ತಂದು ಅದರೊಡನೆ ಬೆರೆಸಿದರೆ ಯಂತ್ರ ಏಳುವುದಿಲ್ಲ.

ಕಾರ್ಡುಗಳ ಮಾತು ಇದಕ್ಕಿಂತ ಸ್ವಾರಸ್ಯಕರ. ಮೊದಲು ತಿಳಿಯಬೇಕಾದ್ದು: ಇ5 ಗುಂಪಿನ ಝಿಯಾನ್ ಪ್ರೊಸೆಸರುಗಳ ಒಳಗೆ ಚಿತ್ರ ಮೂಡಿಸುವ ಭಾಗವೇ ಇಲ್ಲ. ಮನೆಯ ಸಾಧಾರಣ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ತೆಗೆದರೂ ಪರದೆ ನಡೆಯುತ್ತದೆ. ಝಡ್420ರಲ್ಲಿ ತೆಗೆದರೆ ಮಾನಿಟರಿನ ತಂತಿ ಸಿಕ್ಕಿಸಲು ಜಾಗವೇ ಇರುವುದಿಲ್ಲ. ಆದ್ದರಿಂದ "ಕಾರ್ಡ್ ಬೇರೆ, ಯಂತ್ರ ಬೇರೆ" ಎಂದು ದರ ಹೇಳುವವರಿಂದ ಕೊಳ್ಳುವಾಗ ಆ ಕಾರ್ಡಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟುಗಳು ಉದಾರ ಸ್ವಭಾವದವು. ಗಿಡ್ಡ ಕಾರ್ಡು ಉದ್ದ ಸ್ಲಾಟಿನಲ್ಲಿ ಕೂರುತ್ತದೆ. ಹೊಸ ಪೀಳಿಗೆಯ ಕಾರ್ಡು ಹಳೆಯ ಸ್ಲಾಟಿನಲ್ಲಿ ಹಳೆಯ ವೇಗದಲ್ಲಿ ನಡೆಯುತ್ತದೆ. ಮಿತಿ ಇರುವುದು ವಿದ್ಯುತ್ತಿನಲ್ಲಿ. ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕೂ ಹೆಚ್ಚು ಬೇಕಾದ ಕಾರ್ಡುಗಳಿಗೆ ಪವರ್ ಸಪ್ಲೈನಿಂದ ಬೇರೆ ತಂತಿ ಬೇಕು: ಆರು ಮುಳ್ಳಿನ ತಂತಿ ಇನ್ನೊಂದು 75 ವ್ಯಾಟ್ ತರುತ್ತದೆ, ಎಂಟು ಮುಳ್ಳಿನದು 150. ಝಡ್420ರ ಪವರ್ ಸಪ್ಲೈ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಗೆಯದಲ್ಲ, ಕಂಪನಿಯದೇ ವಿಶಿಷ್ಟ ಬಗೆ. ದೊಡ್ಡದು ಬೇಕೆಂದು ಪೇಟೆಯಿಂದ ಬೇರೆ ತಂದು ನೇರವಾಗಿ ಜೋಡಿಸಲಾಗದು. ಹೀಗಾಗಿ ಮನೆಬಳಕೆಗೆ 75 ವ್ಯಾಟಿನೊಳಗಿನ ಕಾರ್ಡುಗಳೇ ನೆಮ್ಮದಿ. ಎನ್ವಿಡಿಯಾ ಜಿಟಿ 1030 ಸುಮಾರು 30 ವ್ಯಾಟಿನಲ್ಲಿ ನಡೆಯುತ್ತದೆ, ಜಿಟಿಎಕ್ಸ್ 1050 ಟಿಐ 75ರ ಮಿತಿಯೊಳಗಿದೆ. ಬಿಲ್ಲಿನ ಮೇಲೆ ಒಂದು ಪದ ಬರೆಸಬೇಕಾದ ಸಂದರ್ಭ ಇಲ್ಲಿಯೂ ಇದೆ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳು ಮಾರಾಟವಾಗಿವೆ. ಒಂದರಲ್ಲಿ ಜಿಡಿಡಿಆರ್5 ಮೆಮೊರಿ, 2018ರಲ್ಲಿ ಬಂದ ಇನ್ನೊಂದರಲ್ಲಿ ಡಿಡಿಆರ್4. ಎರಡನೆಯದರ ಮೆಮೊರಿಯ ವೇಗ ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆ. ಪೆಟ್ಟಿಗೆಯ ಮೇಲೆ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಈ ಭೇದ ಸಣ್ಣ ಅಕ್ಷರದಲ್ಲಿ.

ಇನ್ನೊಂದು ಉಪಯುಕ್ತ ಕಾರ್ಡು ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಸಿಕ್ಕಿಸುವ ಅಡಾಪ್ಟರ್. ಸಾಧಾರಣ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಇದು ಅದರ ಆರರಷ್ಟು ಓದಬಲ್ಲದು. ಆದರೆ ಈ ಯಂತ್ರದ ಬಯಾಸಿಗೆ ಎನ್‌ವಿಎಂಇಯಿಂದ ನೇರವಾಗಿ ಏಳಲು ಬಾರದು. ಆಪರೇಟಿಂಗ್ ಸಿಸ್ಟಂ ಸಾಟಾ ಎಸ್‌ಎಸ್‌ಡಿಯಲ್ಲಿರಬೇಕು, ವಿಡಿಯೊ ಕಡತಗಳಂಥ ಭಾರದ ಸಾಮಾನು ಎನ್‌ವಿಎಂಇಯಲ್ಲಿ. ವಿಡಿಯೊ ಕೆಲಸವಿಲ್ಲದ ಮನೆಗೆ ಸಾಟಾ ಎಸ್‌ಎಸ್‌ಡಿಯೊಂದೇ ಸಾಕು. ಹಾಗೆ ನೋಡಿದರೆ, ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದಾಗ ಕಾಣುವಷ್ಟು ವ್ಯತ್ಯಾಸ ಯಾವ ಪ್ರೊಸೆಸರ್ ಬದಲಾವಣೆಯಲ್ಲೂ ಕಾಣುವುದಿಲ್ಲ. ಮೊದಲ ಹಣ ಅಲ್ಲಿಗೇ ಹೋಗಬೇಕು. ಮದರ್‌ಬೋರ್ಡಿನಲ್ಲಿ ಆರು ಗಿಗಾಬಿಟ್ ವೇಗದ ಸಾಟಾ ಕಿಂಡಿಗಳು ಎರಡೇ ಇವೆ, ಉಳಿದವು ಅದರ ಅರ್ಧ ವೇಗದವು. ಪಕ್ಕದಲ್ಲಿ ಅಚ್ಚಾದ ಹೆಸರು ನೋಡಿ ಎಸ್‌ಎಸ್‌ಡಿಯನ್ನು ವೇಗದ ಕಿಂಡಿಗೇ ಸಿಕ್ಕಿಸಬೇಕು.

ಝಡ್620, ಝಡ್820ರಂಥ ಜೋಡಿ ಪ್ರೊಸೆಸರಿನ ಯಂತ್ರಗಳ ಆಸೆ ಕೆಲವರಿಗೆ ಇರುತ್ತದೆ. ಅವಕ್ಕೆ 26ರಿಂದ ಆರಂಭವಾಗುವ ಹೆಸರಿನ, ಒಂದೇ ಬಗೆಯ ಎರಡು ಪ್ರೊಸೆಸರುಗಳು ಬೇಕು; 16ರಿಂದ ಆರಂಭವಾಗುವವು ಜೋಡಿಯಾಗುವುದಿಲ್ಲ. ಝಡ್820ರಲ್ಲಿ ಎರಡನೆಯ ಪ್ರೊಸೆಸರ್ ಇಲ್ಲದಿದ್ದರೆ ಕೆಲವು ಕಾರ್ಡ್ ಸ್ಲಾಟುಗಳು ಸತ್ತಂತೆಯೇ ಇರುತ್ತವೆ, ಏಕೆಂದರೆ ಅವುಗಳ ತಂತಿಗಳು ಆ ಪ್ರೊಸೆಸರಿಗೇ ಹೋಗುತ್ತವೆ. ಕರೆಂಟಿನ ಬಿಲ್ಲನ್ನೂ ನೆನೆಯಬೇಕು. ಯಂತ್ರವೊಂದು ಸರಾಸರಿ 100 ವ್ಯಾಟ್ ಎಳೆದು ದಿನಕ್ಕೆ 5 ಗಂಟೆ ನಡೆದರೆ ತಿಂಗಳಿಗೆ 15 ಯೂನಿಟ್; 200 ವ್ಯಾಟ್ ಎಳೆದರೆ 30. ಕೊಳ್ಳುವಾಗ ಉಳಿಸಿದ ಹಣ ಮೀಟರಿನಲ್ಲಿ ಸೋರಿಹೋಗಬಾರದು.

ಉಳಿದದ್ದು ಆಪರೇಟಿಂಗ್ ಸಿಸ್ಟಂ. ಇಲ್ಲಿ ಅಂಗಡಿಗಳು ಮರೆಮಾಚುವುದು ಹೆಚ್ಚು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರುಗಳ ಅಧಿಕೃತ ಪಟ್ಟಿಯಲ್ಲಿ ಇ5 ಗುಂಪಿನ ಯಾವುದೂ ಇಲ್ಲ; ವಿ2 ಹಾಕಿದರೂ ಇಲ್ಲ, ಹನ್ನೆರಡು ಕೋರ್ ಹಾಕಿದರೂ ಇಲ್ಲ. "ಹೇಗಾದರೂ ಹಾಕಿಕೊಡುತ್ತೇವೆ" ಎನ್ನುವವರು ಹಾಕುವುದು ಅನೇಕ ಸಲ ಕಳ್ಳ ಪ್ರತಿ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ ಕಳ್ಳ ತಂತ್ರಾಂಶವನ್ನು ತಿಳಿದೂ ತಿಳಿದೂ ಬಳಸುವುದೇ ಅಪರಾಧ. ಲಾಭಕ್ಕಾಗಿ ಬಳಸದಿದ್ದರೆ ಸೆರೆವಾಸದ ಬದಲು 50,000 ರೂಪಾಯಿವರೆಗಿನ ದಂಡವಷ್ಟನ್ನೇ ವಿಧಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ ಎಂಬುದು ಸಣ್ಣ ಸಮಾಧಾನ.

ಗಡಿನಾಡಿನ ಮಕ್ಕಳಿಗೆ ಲಿನಕ್ಸ್ ಹೊಸದೂ ಅಲ್ಲ. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ನಡೆಯುವುದು ಕೈಟ್ ಸಂಸ್ಥೆ ಉಬುಂಟುವಿನ ಮೇಲೆ ಸಿದ್ಧಪಡಿಸಿದ ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲಿಯೇ ಪಾಠ ಕಲಿಯುತ್ತಾರೆ. ಝಡ್420ರಂಥ ಯಂತ್ರ ಅದಕ್ಕೆ ಧಾರಾಳವಾಗಿ ಸಾಲುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆ ಅದರಲ್ಲಿದೆ. ನುಡಿ ತಂತ್ರಾಂಶದಿಂದ ರೂಢಿಯಾದ ಕೆಜಿಪಿ ವಿನ್ಯಾಸವನ್ನೂ ಸೇರಿಸಿಕೊಳ್ಳಬಹುದು. ಲಿಬ್ರೆ ಆಫೀಸಿನ ಆದೇಶಪಟ್ಟಿಗಳನ್ನೇ ಕನ್ನಡದಲ್ಲಿ ಪಡೆಯಬಹುದು. ಸೊಲ್ಲಾಪುರದ ಮಕ್ಕಳು ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಪಿಡಿಎಫ್ ತೆರೆಯಲು, ಯೂನಿಕೋಡ್ ಕನ್ನಡದಲ್ಲಿ ಶಾಲೆಯ ವಾರ್ಷಿಕ ಸಂಚಿಕೆ ಜೋಡಿಸಲು ಬೇಕಾದದ್ದೆಲ್ಲವೂ ಅದರಲ್ಲಿ ಹಣ ಕೊಡದೆಯೇ ಸಿಗುತ್ತದೆ.

ಬದಲಾವಣೆ ಮುಗಿದ ಮೇಲೆ ಹಳೆಯ ಇ5-1620ನ್ನು ಮಾರುವ ಅವಸರ ಬೇಡ. ಮುಂದೆಂದಾದರೂ ಯಂತ್ರ ಏಳದೆ ಹೋದಾಗ ಹೊಸ ಪ್ರೊಸೆಸರ್ ಕೆಟ್ಟಿದೆಯೋ ಬೋರ್ಡ್ ಕೆಟ್ಟಿದೆಯೋ ಎಂದು ತಿಳಿಯಲು, ಆಯೋಗದ ಮುಂದೆ ಹೋಗಬೇಕಾಗಿ ಬಂದರೆ ಅಲ್ಲಿ ತೋರಿಸಲು, ನಡೆಯುವ ಹಳೆಯ ಪ್ರೊಸೆಸರ್ ಒಂದು ಕೈಯಲ್ಲಿರಬೇಕು. ಹೊಸದು ಬಂದ ಪ್ಲಾಸ್ಟಿಕ್ ಗೂಡಿನಲ್ಲಿ ಅದನ್ನು ಇಟ್ಟು, ಬಿಲ್ಲಿನ ಜೆರಾಕ್ಸ್ ಪ್ರತಿಯ ಜೊತೆ ಒಂದೇ ಲಕೋಟೆಯಲ್ಲಿ ಕಾಯ್ದಿರಿಸಬೇಕು. ಬಿಸಿಗೆ ಮುದ್ರಿಸಿದ ನುಣುಪು ಕಾಗದದ ಬಿಲ್ಲುಗಳು ಕೆಲವೇ ತಿಂಗಳಲ್ಲಿ ಅಳಿಸಿಹೋಗುವುದರಿಂದ ಜೆರಾಕ್ಸ್ ಮಾಡಿಸುವ ಕೆಲಸವನ್ನು ಕೊಂಡ ವಾರದಲ್ಲಿಯೇ ಮುಗಿಸಬೇಕು.